ಪಲ್ಲವಿ ಮಾತ್ರ ಬಲ್ಲ ಏಳು ಮಂದಿ

ಬೇಸಿಗೆ ರಜೆಗೆ ಗೆಳೆಯರೆಲ್ಲ ಸೇರಿ ಎರಡು ದಿನ ಎಲ್ಲಾದರೂ ಹೋಗಿ ಮಜಾ ಮಾಡೋಣ ಎಂದು ಗ್ರೂಪಿನಲ್ಲಿ ತೀರ್ಮಾನವಾಯಿತು. ಎಲ್ಲಿಗೆ, ಯಾವತ್ತು, ಯಾರ ಗಾಡಿಯಲ್ಲಿ ಎಂದು ಒಬ್ಬರೂ ಕೇಳಲಿಲ್ಲ. "ಪ್ಲೇಲಿಸ್ಟ್ ಯಾರ್ ಮಾಡ್ತೀರ?" ಎಂದು ಮಾತ್ರ ಏಳು ಮಂದಿಯಲ್ಲಿ ಐವರು ಒಂದೇ ನಿಮಿಷದಲ್ಲಿ ಕೇಳಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇವೆ. ನಮ್ಮ ಬಳಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕುಲಾವಿಯ ಬಣ್ಣ ಯಾವುದಿರಬೇಕೆಂದು ಪೋಲ್ ಹಾಕಿತು.

ಮೂರು ವಾರ ಕಳೆಯುವಷ್ಟರಲ್ಲಿ ಪಟ್ಟಿಯಲ್ಲಿ 612 ಹಾಡು. ಹಾಡಿಗೆ ನಾಲ್ಕು ನಿಮಿಷ ಎಂದು ಹಿಡಿದರೂ ಹತ್ತಿರ ಹತ್ತಿರ 41 ಗಂಟೆ. ಎರಡು ದಿನವೆಂದರೆ 48 ಗಂಟೆ. ನಿದ್ದೆ, ಸ್ನಾನ, ಊಟ, ಜಗಳ ಎಲ್ಲಕ್ಕೂ ಸೇರಿ ಉಳಿದದ್ದು ಏಳು ಗಂಟೆ. ಈ ಲೆಕ್ಕವನ್ನು ಗ್ರೂಪಿನಲ್ಲಿ ಹಾಕಿದೆ. "ಸೂಪರ್ ಗುರು, ಇನ್ನೂ ಜಾಗ ಇದೆ" ಎಂಬ ಉತ್ತರ ಬಂತು, ಹಿಂದೆಯೇ ಹದಿನಾಲ್ಕು ಹಾಡೂ ಬಂದವು.

ನಮ್ಮ ಪಟ್ಟಿ ಇದ್ದದ್ದು ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ. ಅಲ್ಲಿ ಒಂದು ಪ್ಲೇಲಿಸ್ಟಿಗೆ 10,000 ಹಾಡಿನ ಮಿತಿ ಇದೆ. ಆ ಮಿತಿ ಯಾರಿಗಾಗಿ ಎಂದು ಮೊದಲು ಅರ್ಥವಾಗಿರಲಿಲ್ಲ. ಈಗ ಆಗಿದೆ.

ಪಟ್ಟಿಯ ಹೆಸರು 'ಬೇಸಿಗೆ ಮಸ್ತಿ'. ಒಳಗೆ ಕಣ್ಣಾಡಿಸಿದರೆ ಕಾಲು ಭಾಗ ಮಳೆಹಾಡು. ತಪ್ಪು ನಮ್ಮದಲ್ಲ ಬಿಡಿ, ಸಿನಿಮಾ ಪ್ರೇಮಿಗಳಿಗೆ ಬಿಸಿಲಲ್ಲಿ ಪ್ರೀತಿ ಹುಟ್ಟುವ ಅಭ್ಯಾಸವೇ ಇಲ್ಲ; ಅವರು ತೊಯ್ದ ಮೇಲೆಯೇ ಬಾಯಿ ತೆರೆಯುವುದು. ಇನ್ನು ಕಾಲು ಭಾಗ ವಿರಹ. ಅದನ್ನು ಸೇರಿಸಿದವನಿಗೆ ಎರಡು ವರ್ಷದ ಹಿಂದೆ ಒಬ್ಬಳು ಕೈಕೊಟ್ಟಿದ್ದಾಳೆ, ಅವನು ಅವಳ ನೆನಪನ್ನು ಇನ್ನೂ ಕೈಬಿಟ್ಟಿಲ್ಲ. ಈಜುಕೊಳದ ಪಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಕೇಳಬೇಕಾದ ಹಾಡುಗಳಂತೆ. ಕನ್ನಡಕ ಯಾಕೆಂದು ಹಾಡು ಕೇಳಿದ ಮೇಲೆ ಗೊತ್ತಾಯಿತು.

ಆದರೆ ನನಗೆ ನಿಜವಾದ ಭಯ ಇರುವುದು ಅಭಿರುಚಿವಂತರ ಬಗ್ಗೆ. ಅಳುವವನನ್ನು ಸಮಾಧಾನ ಮಾಡಬಹುದು, ಇವರನ್ನು ಮಾಡಲಾಗದು. ಒಬ್ಬಳು ಹನ್ನೊಂದು ನಿಮಿಷದ ಒಂದು ವಾದ್ಯಸಂಗೀತ ಸೇರಿಸಿದ್ದಾಳೆ. ಅದರಲ್ಲಿ ಮೊದಲ ನಾಲ್ಕು ನಿಮಿಷ ಗಾಳಿಯ ಸದ್ದು. ಸ್ಪೀಕರ್ ಕೆಟ್ಟಿದೆಯೇ ಎಂದು ಕೇಳಿದ್ದಕ್ಕೆ, "ಇದು ಕೇಳೋಕಲ್ಲ ಕಣೋ, ಫೀಲ್ ಮಾಡೋಕೆ" ಎಂದಳು. ಇನ್ನೊಬ್ಬ ಐದು ಭಾಷೆಯ ಹಾಡು ತುಂಬಿದ್ದಾನೆ, ಐದರಲ್ಲಿ ಒಂದೂ ಅವನಿಗೆ ಬರುವುದಿಲ್ಲ. ಅವುಗಳಲ್ಲೊಂದರ ಸಾಹಿತ್ಯದ ಅನುವಾದ ಹುಡುಕಿ ನೋಡಿದೆ: ಅಜ್ಜನ ಸಾವಿನ ದುಃಖ. ಅದಕ್ಕೆ ಹೆಜ್ಜೆ ಹಾಕುವ ಯೋಜನೆ ನಮ್ಮದು. ಪ್ಲೇಲಿಸ್ಟ್ ಈಗ ಕೇಳುವ ವಸ್ತುವಾಗಿ ಉಳಿದಿಲ್ಲ, ನಡತೆ ಪ್ರಮಾಣಪತ್ರವಾಗಿದೆ. ರುಜುವಿನ ಬದಲು ಹಾಡಿನ ಪಕ್ಕದಲ್ಲಿ ಸೇರಿಸಿದವರ ಪುಟ್ಟ ಚಿತ್ರ ಕಾಣುತ್ತದೆ. ಅಳಿಸಿದವರ ಚಿತ್ರ ಮಾತ್ರ ಕಾಣುವುದಿಲ್ಲ. ಹಾಗಾಗಿ ರಾತ್ರಿ ಎರಡು ಗಂಟೆಗೆ ಪಟ್ಟಿ ಸಣ್ಣಗಾಗುತ್ತಿತ್ತು, ಬೆಳಿಗ್ಗೆ ಎಂಟಕ್ಕೆ ಮತ್ತೆ ದಪ್ಪಗಾಗುತ್ತಿತ್ತು. ಗಾಳಿಯ ಸದ್ದನ್ನು ಎರಡು ಸಲ ಅಳಿಸಿದವನು ಯಾರೆಂದು ನಾನು ಹೇಳುವುದಿಲ್ಲ. ಹೇಳಿದರೆ ಈ ಅಂಕಣದ ಮೇಲಿರುವ ಹೆಸರು ಹೇಳಬೇಕಾಗುತ್ತದೆ.

ಕ್ಯಾಸೆಟ್ ಕಾಲದಲ್ಲಿ ಈ ರಗಳೆ ಇರಲಿಲ್ಲ ಎನ್ನುವ ಹಿರಿಯರಿದ್ದಾರೆ. ಇತ್ತು. 90 ನಿಮಿಷದ ಕ್ಯಾಸೆಟ್ಟಿಗೆ ಬದಿಗೆ 45 ನಿಮಿಷ ಅಷ್ಟೇ. ಕೊನೆಯ ಹಾಡು ಚರಣದ ಮಧ್ಯೆ ಟಕ್ ಎಂದು ಕತ್ತರಿಸಿಹೋಗುತ್ತಿತ್ತು, ಆ ಹಾಡು ಅಲ್ಲೇ ಮುಗಿಯುವುದು ಎಂದು ಒಂದು ಪೀಳಿಗೆ ನಂಬಿಕೊಂಡಿತ್ತು. ಆದರೆ ಟೇಪು ಮುಗಿದರೆ ಜಗಳವೂ ಮುಗಿಯುತ್ತಿತ್ತು.

ಅಂತೂ ಹೊರಟೆವು. ಗಾಡಿ ಹತ್ತಿದ ಕೂಡಲೇ ಯಾರ ಫೋನು ಸ್ಪೀಕರಿಗೆ ಸೇರಬೇಕು ಎಂಬ ಯುದ್ಧ. ಬ್ಲೂಟೂತ್ ಎಂಬ ಹೆಸರು ಹತ್ತನೇ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್ ಬ್ಲೂಟೂತ್‌ನದು. ಚದುರಿದ ಪಂಗಡಗಳನ್ನು ಒಂದುಗೂಡಿಸಿದವನೆಂದು ಅವನ ಹೆಸರನ್ನು ಈ ತಂತ್ರಜ್ಞಾನಕ್ಕೆ ಇಟ್ಟರಂತೆ. ಪುಣ್ಯಾತ್ಮ ನಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದರೆ ಮೊದಲ ಟೋಲ್ ಬರುವ ಮುಂಚೆಯೇ ಇಳಿದು ನಡೆದುಬಿಡುತ್ತಿದ್ದ.

ಕೊನೆಗೆ ಹಾಡುಗಳನ್ನು ಕಲಸಿ ಕೊಡುವ ಶಫಲ್ ಗುಂಡಿ ಒತ್ತಿ, ಬಂದದ್ದು ಬರಲಿ ಎಂದು ರಾಜಿಯಾಯಿತು. ಬಂದದ್ದು ಸಾಲಾಗಿ ಮೂರು ವಿರಹ. "ಮೋಸ!" ಎಂದು ಕೂಗೆದ್ದಿತು. ನಿಜಕ್ಕೂ ಗೊತ್ತುಗುರಿಯಿಲ್ಲದೆ ಕಲಸಿದರೆ ಒಬ್ಬನದೇ ಹಾಡು ಮೂರು ಸಲ ಬರುವುದು ಸಹಜ, ನಾಣ್ಯ ಚಿಮ್ಮಿದರೂ ಒಮ್ಮೊಮ್ಮೆ ನಾಲ್ಕು ಸಲ ಒಂದೇ ಮುಖ ಬೀಳುತ್ತದೆ. ಆದರೆ ಮನುಷ್ಯನಿಗೆ ಅದು ಪಕ್ಷಪಾತದಂತೆ ಕಾಣುತ್ತದೆ. ಈ ದೂರು ಕೇಳಿ ಕೇಳಿ ಸ್ಪಾಟಿಫೈ ಒಬ್ಬನೇ ಗಾಯಕನ ಹಾಡುಗಳು ದೂರ ದೂರ ಬೀಳುವಂತೆ ತನ್ನ ಶಫಲ್ ಅನ್ನು ತಿದ್ದಿ, 2014ರಲ್ಲಿ ಅದರ ಗುಟ್ಟನ್ನೂ ವಿವರಿಸಿತು. ಅಂದರೆ ಅಡ್ಡಾದಿಡ್ಡಿ ಎಂದು ನಾವು ಒಪ್ಪಬೇಕಾದರೆ ಯಾರಾದರೂ ಕೂತು ನೀಟಾಗಿ ಜೋಡಿಸಿಕೊಡಬೇಕು. ಆದರೆ ಒಬ್ಬನೇ ಗೆಳೆಯನ ವಿರಹ ಒಂಬತ್ತು ಗಾಯಕರ ಕಂಠದಲ್ಲಿ ಬಂದರೆ ಅದಕ್ಕೆ ಯಾವ ಕಂಪನಿಯ ಬಳಿಯೂ ಮದ್ದಿಲ್ಲ.

ಇಷ್ಟೆಲ್ಲ ಆದ ಮೇಲೆ ಒಂದು ಹಾಡನ್ನಾದರೂ ಪೂರ್ತಿ ಕೇಳಿದೆವೇ? ಎಲ್ಲಿಂದ! ಪಲ್ಲವಿ ಮುಗಿಯುವ ಮುಂಚೆ ಯಾರದೋ ಹೆಬ್ಬೆರಳು ಏಳುತ್ತಿತ್ತು. "ವೈಬ್ ಬರ್ತಿಲ್ಲ ಮಗಾ, ನೆಕ್ಸ್ಟ್." ಸ್ಪಾಟಿಫೈನಲ್ಲಿ ಒಂದು ಹಾಡು ಕೇಳಿದ ಲೆಕ್ಕಕ್ಕೆ ಬರಲು ಅದು 30 ಸೆಕೆಂಡಾದರೂ ಓಡಿರಬೇಕು. ನಮ್ಮ ಬಳಗದ ತಾಳ್ಮೆ ಇಪ್ಪತ್ತರ ಆಸುಪಾಸು. ಆರು ಗಂಟೆಯ ಪ್ರಯಾಣದಲ್ಲಿ ಸ್ಪೀಕರ್ ಒಂದು ಕ್ಷಣ ಬಾಯಿ ಮುಚ್ಚಲಿಲ್ಲ, ಆದರೆ ದಾಖಲೆಯ ಪ್ರಕಾರ ನಾವು ಕೇಳಿದ ಹಾಡು ಸೊನ್ನೆ.

ತಲುಪಿದ ಜಾಗದಲ್ಲಿ ನೆಟ್‌ವರ್ಕ್ ಇರಲಿಲ್ಲ. "ಡೌನ್‌ಲೋಡ್ ನೀನ್ ಮಾಡಿರ್ತೀಯ ಅಂದ್ಕೊಂಡೆ" ಎಂಬ ವಾಕ್ಯವನ್ನು ಏಳು ಮಂದಿ ಏಳು ಮಂದಿಗೂ ಹೇಳಿದೆವು. ಆರುನೂರು ಚಿಲ್ಲರೆ ಹಾಡು ಮೋಡದ ಮೇಲೆ, ನಾವು ನೆಲದ ಮೇಲೆ. ಮಳೆಹಾಡುಗಳೂ ಮೋಡದಲ್ಲೇ ಕೂತಿದ್ದವು, ಇಳಿಯಲಿಲ್ಲ.

ರಾತ್ರಿ ಚಾಪೆ ಹಾಸಿ ಕೂತಾಗ ಯಾರೋ ಗುನುಗಲು ಶುರು ಮಾಡಿದರು. ಏಳೂ ಕಂಠ ಸೇರಿದವು. ಪಲ್ಲವಿ ಭರ್ಜರಿಯಾಗಿ ಎದ್ದಿತು, ಪಕ್ಕದ ಕೋಣೆಯವರು ಬಾಗಿಲು ತೆರೆದು ನೋಡುವಷ್ಟು. ಚರಣ ಬಂದಾಗ ಆರು ಮಂದಿ "ಲಾ ಲಾ ಲಾ" ಹಿಡಿದೆವು. ಪೂರ್ತಿ ಬರುತ್ತಿದ್ದದ್ದು ವಿರಹಿಗೆ ಮಾತ್ರ. ಅವನು ಕಣ್ಣು ಮುಚ್ಚಿ, ಕುತ್ತಿಗೆ ನರ ಉಬ್ಬಿಸಿ, ಚರಣದ ಎರಡನೇ ಸಾಲಿಗೆ ಬಂದಿದ್ದನಷ್ಟೇ. ಕತ್ತಲಲ್ಲಿ ಒಂದು ಹೆಬ್ಬೆರಳು ತನ್ನಷ್ಟಕ್ಕೆ ಗಾಳಿಯಲ್ಲಿ ಎಡಕ್ಕೆ ಸರಿಯಿತು.

"ಮಗಾ, ನೆಕ್ಸ್ಟ್."