ಪಟ್ಟಿ ಉಂಟು, ಜಾಗ್ರತೆ

ನನ್ನ ಹೆಸರು 3 ವರ್ಷ ಒಂದು ಪಟ್ಟಿಯಲ್ಲಿತ್ತು. ಕನ್ನಡ ಬಲ್ಲವರಿಗೆಂದು ಕಾಸರಗೋಡಿನಲ್ಲಿ ಇರುವ ಸರ್ಕಾರಿ ಕೆಲಸದ ರ‍್ಯಾಂಕ್ ಪಟ್ಟಿ ಅದು. ಕೇರಳದಲ್ಲಿ ಇಂಥ ಪಟ್ಟಿಯ ಆಯುಸ್ಸು ಸಾಮಾನ್ಯವಾಗಿ ಹೆಚ್ಚೆಂದರೆ 3 ವರ್ಷ. ಮುಂದೆ ಇದ್ದವರು ಒಬ್ಬೊಬ್ಬರಾಗಿ ಕೆಲಸಕ್ಕೆ ಹೋದರು. ಇನ್ನಿಬ್ಬರು ಹೋದರೆ ನಾನೇ ಅನ್ನುವಾಗ ಪಟ್ಟಿ ತೀರಿಕೊಂಡಿತು. ಅಮ್ಮ ಮೂರು ದಿನ ಸೂತಕದ ಮುಖ ಮಾಡಿಕೊಂಡು ಓಡಾಡಿದರು. ನಾಲ್ಕನೇ ದಿನ ಅಪ್ಪ, "ಆ ಸ್ಕೂಟರಿಗೆ ಇಷ್ಟು ದಿನ ಪೆಟ್ರೋಲು ಹಾಕಿಸಿದ್ದು ನಾನು. ಇನ್ನು ಅದೇ ದುಡಿದು ಕುಡಿಯಲಿ" ಅಂದರು.

ಕುಂಬಳೆಯ ಒಂದು ಪಾರ್ಸೆಲ್ ಕಂಪನಿಗೆ ವ್ಯಾನ್ ಡ್ರೈವರ್ ಬೇಕಂತೆ ಅಂತ ಗೆಳೆಯ ವಾಟ್ಸಾಪ್‌ನಲ್ಲಿ ಕಳಿಸಿದ. ಹೋದೆ. ಮ್ಯಾನೇಜರ್ ನನಗಿಂತ ಚಿಕ್ಕವನು. ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ, "ಬ್ಯಾಡ್ಜ್ ಇಲ್ವಾ?" ಅಂತ ಕೇಳಿದ. ಪಟ್ಟಿಯಲ್ಲಿ ಕೂತ ಅಷ್ಟೂ ವರ್ಷ ನಾನು ಸಾಮಾನ್ಯ ಜ್ಞಾನ ಬಿಟ್ಟು ಬೇರೇನೂ ಓದಿದವನಲ್ಲ. ಬಿಡುತ್ತೇನಾ? 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ 5 ನ್ಯಾಯಾಧೀಶರ ಪೀಠ ಕೊಟ್ಟ ತೀರ್ಪನ್ನು ನಿಂತಲ್ಲೇ ಒಪ್ಪಿಸಿದೆ. ಕಾರಿನ ಲೈಸೆನ್ಸ್ ಇದ್ದವನು, ಗಾಡಿ ಲೋಡು ಎರಡೂ ಸೇರಿ 7,500 ಕಿಲೋ ದಾಟದಿದ್ದರೆ, ಸಾಮಾನು ಸಾಗಿಸುವ ಗಾಡಿಯನ್ನೂ ಓಡಿಸಬಹುದು. ಬೇರೆ ಅನುಮತಿ ಬೇಡ. ಅವನು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡ.

"ಸರಿ ಅಣ್ಣ. ಆದ್ರೆ ವ್ಯಾನಿಗೆ ನಿನ್ನೆಯೇ ಜನ ಸಿಕ್ಕಿತು. ಸ್ಕೂಟರ್ ಉಂಟಾ?"

ಹೀಗೆ 7,500 ಕಿಲೋಗೆ ಅರ್ಹನಾದ ನಾನು ಬೆನ್ನಿಗೊಂದು ಚೀಲ ಕಟ್ಟಿಕೊಂಡೆ. ಆಧಾರ್, ಪಾನ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಎಲ್ಲ ಕೊಟ್ಟದ್ದಾಯಿತು. ಪಾರ್ಸೆಲಿಗೆ ಇಂತಿಷ್ಟು ಅಂತ ಲೆಕ್ಕ, ಪೆಟ್ರೋಲು ನನ್ನದೇ. ಮೊದಲ ದಿನ ಬೆಳಿಗ್ಗೆ ಮೊಬೈಲಿಗೆ ಇವತ್ತಿನ ಪಟ್ಟಿ ಬಂತು. 32 ಪಾರ್ಸೆಲ್. "ಪಟ್ಟಿ ಸಿಕ್ಕಿತು" ಅಂತ ಮನೆಗೆ ಮೆಸೇಜ್ ಹಾಕಿದೆ. ಅಮ್ಮ ಸರ್ಕಾರಿ ಪಟ್ಟಿ ಅಂದುಕೊಂಡು ದೇವರಿಗೆ ದೀಪ ಇಟ್ಟರಂತೆ. ಸಂಜೆಯವರೆಗೆ ನಾನೂ ತಿದ್ದಲು ಹೋಗಲಿಲ್ಲ.

ಮೊದಲನೇ ಪಾರ್ಸೆಲ್ ಎದುರಿನ ಅಂಗಡಿಗೆ. ಅಂದರೆ ಹೈವೇಯ ಆ ಬದಿಗೆ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಹೈವೇ ಆರು ಪಥ ಆಗಿದೆಯಲ್ಲ, ಅಂಗಡಿಯವನು ಆಚೆಯಿಂದ ಕೈ ಬೀಸುತ್ತಾನೆ, ನಾನು ಈಚೆಯಿಂದ ಬೀಸುತ್ತೇನೆ. ಮಧ್ಯೆ ಗೋಡೆ. ಸರ್ವಿಸ್ ರೋಡಲ್ಲಿ ಹೋಗಿ, ಅಂಡರ್‌ಪಾಸ್ ಹುಡುಕಿ, ತಿರುಗಿ ಬರುವಷ್ಟರಲ್ಲಿ ಅವನು ಊಟಕ್ಕೆ ಹೋಗಿದ್ದ.

ಆಮೇಲೆ ಒಳಗಿನ ಊರುಗಳು. ಪಿನ್‌ಕೋಡಿಗೆ ಗುಡ್ಡ ಹೊಳೆ ಗೊತ್ತಿಲ್ಲ. 671321 ಅಂದರೆ ಅದಕ್ಕೆ ಎಲ್ಲ ಒಂದೇ. ಮ್ಯಾಪ್ ಶಿರಿಯ ಹೊಳೆಯ ದಡಕ್ಕೆ ಕರೆದುಕೊಂಡು ಹೋಗಿ "ನೀವು ತಲುಪಿದ್ದೀರಿ" ಅಂದಿತು. ಮನೆ ಆಚೆ ದಡದಲ್ಲಿ. ಕೊನೆಗೆ ದಾರಿಯಲ್ಲಿ ಸಿಕ್ಕವರನ್ನು ಕೇಳುವುದೇ ವಾಸಿ ಅಂತ ಗೊತ್ತಾಯಿತು. ಆದರೆ ನಮ್ಮಲ್ಲಿ ದಾರಿ ಕೇಳುವುದು ಅಷ್ಟು ಸುಲಭ ಅಲ್ಲ. "ಭಟ್ರ ಮನೆ ಎಲ್ಲಿ?" ಅಂದರೆ "ಯಾವ ಭಟ್ರು? ಮೂಲೆಯವರಾ, ಕಜೆಯವರಾ, ಮಜಲಿನವರಾ?" ಅದು ತೀರ್ಮಾನ ಆದ ಮೇಲೆ, "ನೀನು ಯಾರ ಮಗ?" ನನ್ನ ಕುಲಗೋತ್ರ ಪೂರ್ತಿ ತಿಳಿದ ಮೇಲೆ ಒಬ್ಬರು, "ಅವರ ಮನೆ ನಂಗೊತ್ತಿಲ್ಲ ಮಾರಾಯ" ಅಂದುಬಿಟ್ಟರು.

ಮನೆ ಸಿಕ್ಕಿದ ಮೇಲಾದರೂ ಬೇಗ ಹೊರಡಬಹುದಾ? ಇಲ್ಲ. ಬೆಲ್ಲ ನೀರು ಕುಡಿಯದೆ ಅಂಗಳ ಇಳಿಯುವ ಹಾಗಿಲ್ಲ. ಒಂದು ಮನೆಯಲ್ಲಿ ಓಟಿಪಿ ಕೇಳುತ್ತಿದ್ದೆ, ಆಕಾಶ ಕಪ್ಪಾಯಿತು. ಏಪ್ರಿಲ್ ತಿಂಗಳ ಮಳೆ, ಅಂಗಳದ ತುಂಬ ಅಡಿಕೆ. "ಓಟಿಪಿ ಮತ್ತೆ ನೋಡುವ, ಮೊದಲು ಆ ತುದಿ ಹಿಡಿ!" ಅಂತ ಯಜಮಾನರು ಟಾರ್ಪಲಿನ ಒಂದು ತುದಿ ನನ್ನ ಕಡೆ ಎಸೆದರು. ಬಾಚಿದೆ, ಗೋಣಿಗೆ ತುಂಬಿಸಿದೆ, ಜಗಲಿಗೆ ಹೊತ್ತೆ. ಅಡಿಕೆ ಒಂದೂ ಒದ್ದೆ ಆಗಲಿಲ್ಲ. ಸ್ಕೂಟರ್ ಮೇಲಿದ್ದ ಚೀಲ ಪೂರ್ತಿ ಒದ್ದೆ.

ಕೊನೆಯ ಪಾರ್ಸೆಲ್ ನಾಯ್ಕಾಪಿನಲ್ಲಿ. ಊರಿನ ಹೆಸರಲ್ಲೇ ಸೂಚನೆ ಇತ್ತು, ನಾನು ಗಮನಿಸಲಿಲ್ಲ. ತೆಂಕಣ ಕೇರಳದಿಂದ ವರ್ಗವಾಗಿ ಬಂದ ಬ್ಯಾಂಕಿನ ಮೇಡಂ. ಫೋನ್ ಮಾಡಿದರೆ, "ಗೇಟಿನಕತ್ತ್ ಪಟ್ಟಿಯುಂಡ್, ಸೂಕ್ಷಿಕ್ಕಣೇ" ಅಂದರು.

ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಕಲಿತದ್ದು ಬಸ್ಸಿನಲ್ಲಿ, ಪೇಟೆಯಲ್ಲಿ. ನಮ್ಮ ಕಡೆಯ ಮಲಯಾಳದಲ್ಲಿ ನಾಯಿಗೆ ನಾಯಿ ಅಂತಲೇ ಹೇಳುವುದು. ಸೂಕ್ಷಿಸುವುದು ಅಂದರೆ ಜೋಪಾನವಾಗಿ ಇಟ್ಟುಕೊಳ್ಳುವುದು ಅಂತಲೂ ಆಗುತ್ತದೆ. ಬ್ಯಾಂಕಿನವರಲ್ವಾ, ಗೇಟಿನ ಒಳಗೆ ಏನೋ ಪಟ್ಟಿ ಇಟ್ಟಿದ್ದಾರೆ, ಸಹಿ ಹಾಕಿ ಜೋಪಾನವಾಗಿ ಇಡಬೇಕೇನೋ ಅಂದುಕೊಂಡೆ. ಗೇಟು ತೆಗೆದೆ. ಪಟ್ಟಿ ಎಲ್ಲಿದೆ ಅಂತ ಹುಡುಕಿದೆ.

ಪಟ್ಟಿಯೇ ನನ್ನನ್ನು ಹುಡುಕಿಕೊಂಡು ಬಂತು.

ಕಾಂಪೌಂಡ್ ಹತ್ತಿದ್ದು ಹೇಗೆ ಅಂತ ಈಗಲೂ ಗೊತ್ತಿಲ್ಲ. ಮೇಡಂ ಹೊರಗೆ ಬಂದು, "ಞಾನ್ ಪರಞ್ಞದಲ್ಲೇ?" ಅಂದರು. ಹೌದು, ಹೇಳಿದ್ದರು. ಅವರ ಕಡೆಯ ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ, ಸೂಕ್ಷಿಕ್ಕಣೇ ಅಂದರೆ ಜಾಗ್ರತೆ. ಗೋಡೆಯ ಮೇಲಿಂದಲೇ ಓಟಿಪಿ ಕೇಳಿದೆ. ಅವರು ಒಂದೊಂದು ಅಂಕಿ ಹೇಳುವಾಗಲೂ ಕೆಳಗಿನಿಂದ ಅದು ಒಮ್ಮೆ ಬೊಗಳುತ್ತಿತ್ತು. ಮೂರನೆಯ ಅಂಕಿ ಕೇಳಿಸದೆ ಮೊದಲಿನಿಂದ ಹೇಳಿಸಿದೆ. ಪಾರ್ಸೆಲ್ ಬಿಸಾಡಿದೆ. ಅವರು ಅಲ್ಲೇ ಬಿಚ್ಚಿದರು. ಒಳಗೆ ನಾಯಿಯ ಚೈನು. ಹಳೆಯದು ತುಂಡಾಗಿ ನಾಲ್ಕು ದಿನ ಆಗಿತ್ತಂತೆ.

ಸ್ಕೂಟರಿನ ಹತ್ತಿರ ಬಂದು ಕಾಲು ನಡುಗುವುದು ನಿಲ್ಲಲಿ ಅಂತ ನಿಂತಿದ್ದೆ. ಅಷ್ಟರಲ್ಲಿ ಆ ಗೆಳೆಯ ಬೈಕಿನಲ್ಲಿ ದೂರದಿಂದಲೇ ಕೈ ಬೀಸುತ್ತಾ ಬಂದ.

"ಮಾರಾಯಾ, ಹೊಸ ಪಟ್ಟಿ ಬಂತು!"

ನಾನು ಮತ್ತೆ ಗೋಡೆಯ ಮೇಲಿದ್ದೆ.