ಲಕೋಟೆಯ ಮೂಲೆ ಕತ್ತರಿಸುವವರಿಗೆ

ಕಳೆದ ವಾರ ಕಾರವಾರದ ನಮ್ಮ ಮನೆಗೆ ಸ್ಪೀಡ್ ಪೋಸ್ಟಿನಲ್ಲಿ ಬಂದ ಪೊಟ್ಟಣವನ್ನು ಬಿಚ್ಚಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಆನ್‌ಲೈನ್ ಮಾರಾಟ ತಾಣವೊಂದರಲ್ಲಿ ಆರು ಹಳೆಯ ನೌಕಾ ಲಕೋಟೆಗಳನ್ನೂ (ನೌಕಾಪಡೆಯ ಹಡಗುಗಳಲ್ಲಿದ್ದವರು ಬರೆದ ಪತ್ರಗಳ ಲಕೋಟೆಗಳು) ಒಂದು ಫೋಟೋವನ್ನೂ 1,800 ರೂಪಾಯಿ ತೆತ್ತು ಕೊಂಡಿದ್ದೆ. ಮಾರಾಟಗಾರರು ಹಾಕಿದ್ದ ಚಿತ್ರದಲ್ಲಿ ಲಕೋಟೆಗಳೆಲ್ಲ ಇಡಿಯಾಗಿದ್ದವು. ಕೈಗೆ ಬಂದಾಗ ಆರಕ್ಕೆ ಆರೂ ಮೇಲಿನ ಬಲಮೂಲೆ ಕಳೆದುಕೊಂಡಿದ್ದವು. ಜೊತೆಗೊಂದು ಪುಟ್ಟ ಪ್ಲಾಸ್ಟಿಕ್ ಚೀಲ. ಅದರೊಳಗೆ ನೀರಿನಲ್ಲಿ ನೆನೆಸಿ, ಅಂಟು ತೊಳೆದು, ಒಣಗಿಸಿ ಜೋಡಿಸಿಟ್ಟ ಅಂಚೆಚೀಟಿಗಳು. ‘ಸ್ವಚ್ಛ ಮಾಡಿ ಕಳುಹಿಸಿದ್ದೇನೆ’ ಎಂದು ಬರೆದ ಒಂದು ಕಾಗದ ಬೇರೆ.

ಆ ಆರರಲ್ಲಿ ನನಗೆ ನಿಜವಾಗಿ ಬೇಕಿದ್ದದ್ದು ಒಂದೇ. ಐಎನ್‌ಎಸ್ ಮೈಸೂರು ಹಡಗಿನ ನಾವಿಕರೊಬ್ಬರು ಕಾರವಾರದ ತಮ್ಮ ಮನೆಗೆ ಬರೆದ ಪತ್ರದ ಲಕೋಟೆ ಅದು. ಬ್ರಿಟನ್ನಿನ ‘ನೈಜೀರಿಯಾ’ ಎಂಬ ಯುದ್ಧನೌಕೆಯನ್ನು ಕೊಂಡು 1957ರಲ್ಲಿ ನಮ್ಮ ನೌಕಾಪಡೆಗೆ ಸೇರಿಸಿಕೊಂಡಾಗ ಅದಕ್ಕೆ ಮೈಸೂರು ಎಂಬ ಹೆಸರಿಟ್ಟರು. ಅದರ ಲಾಂಛನ ಗಂಡಭೇರುಂಡ. ಲಕೋಟೆಯ ಹಿಂಬದಿಯ ಮಡಿಕೆಯ ಮೇಲೆ ಆ ಎರಡು ತಲೆಯ ಹಕ್ಕಿ ನೀಲಿ ಬಣ್ಣದಲ್ಲಿ ಇಂದಿಗೂ ಚೆನ್ನಾಗಿ ಉಳಿದಿದೆ. ವಿಳಾಸದ ಕೊನೆಯಲ್ಲಿ ಆ ಕಾಲದ ರೂಢಿಯಂತೆ ‘ಕಾರವಾರ, ಎನ್.ಕೆ.’ ಎಂದಿದೆ, ಅಂದರೆ ನಾರ್ಥ್ ಕೆನರಾ. ಅಂಟಿಸಿದ್ದದ್ದು ಭಾರತದ ನಕಾಶೆಯಿರುವ 15 ನಯೇ ಪೈಸೆಯ ಚೀಟಿ. ಆ ಚೀಟಿ ಯಾವ ಸಂಗ್ರಾಹಕರ ಬಳಿ ಕೇಳಿದರೂ ಬೊಗಸೆಗಟ್ಟಲೆ ಸಿಗುತ್ತದೆ. ಅದನ್ನು ಬಿಡಿಸಿಕೊಳ್ಳಲು ಯಾರಾದರೂ ಕತ್ತರಿ ಹಿಡಿಯುತ್ತಾರೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ನೌಕಾ ಲಕೋಟೆಯನ್ನು ಕೊಳ್ಳುವವರು ಕೊಳ್ಳುವುದು ಅಂಚೆಯ ಮೊಹರಿಗಾಗಿ. ಹಡಗಿನಲ್ಲಿರುವವರು ತಮ್ಮ ವಿಳಾಸವಾಗಿ ಬರೆಯುವುದು ಹಡಗಿನ ಹೆಸರು ಮತ್ತು ‘ಕೇರಾಫ್ ಫ್ಲೀಟ್ ಮೇಲ್ ಆಫೀಸ್’, ಅಂದರೆ ನೌಕಾಪಡೆಯ ಅಂಚೆ ಕಚೇರಿ, ಎಂದು ಮಾತ್ರ. ಹಡಗು ಆ ದಿನ ಯಾವ ಸಮುದ್ರದಲ್ಲಿತ್ತು ಎಂಬುದು ಅದರಿಂದ ತಿಳಿಯುವುದಿಲ್ಲ. ಒಳಗಿನ ಪತ್ರವೂ ಕಳೆದುಹೋಗಿದ್ದರೆ, ದಿನಾಂಕ ನೋಡಿ ಹಡಗಿನ ಚಲನೆಯೊಂದಿಗೆ ತಾಳೆ ಹಾಕುವುದೊಂದೇ ದಾರಿ. ನನ್ನ ಲಕೋಟೆಯ ಮೊಹರು 1961ರ ಡಿಸೆಂಬರಿನದು ಎಂಬುದಷ್ಟೇ ಮಾರಾಟಗಾರರ ಮಸುಕು ಚಿತ್ರದಲ್ಲಿ ಓದಲು ಬರುತ್ತಿತ್ತು. ಆ ತಿಂಗಳ 18ರಂದು, ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ, ಮೈಸೂರು ಮತ್ತು ತ್ರಿಶೂಲ ಹಡಗುಗಳು ಬಂದದ್ದು ನಮ್ಮ ಬಿಣಗಾ ತೀರದ ಎದುರಿಗಿರುವ ಅಂಜದೀವ್ ನಡುಗಡ್ಡೆಗೆ. ಅಲ್ಲಿ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು. ಸ್ವಂತ ಊರಿನ ಕಣ್ಣಳತೆಯಲ್ಲಿ ನಡೆದ ಆ ಕಾಳಗಕ್ಕೆ ಮೊದಲೇ ಆ ನಾವಿಕರು ಮನೆಗೆ ಬರೆದಿದ್ದರೋ, ಅಥವಾ ಎಲ್ಲ ಮುಗಿದ ಮೇಲೆ ‘ಕ್ಷೇಮವಾಗಿದ್ದೇನೆ’ ಎಂದು ತಿಳಿಸಲು ಬರೆದಿದ್ದರೋ ಎಂಬುದನ್ನು ಮೊಹರಿನ ಎರಡು ಅಂಕಿಗಳು ಹೇಳಬಹುದಿತ್ತು.

ಆ ಎರಡು ಅಂಕಿಗಳೇ ಹೋದವು. ಮೊಹರು ಬಿದ್ದದ್ದು ಅರ್ಧ ಚೀಟಿಯ ಮೇಲೆ, ಅರ್ಧ ಅದರ ಎಡಗಡೆಯ ಕಾಗದದ ಮೇಲೆ. ತೊಳೆದ ಚೀಟಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಲ ಅರ್ಧವೃತ್ತ, ತಿಂಗಳ ಕೊನೆಯ ಅಕ್ಷರ ಮತ್ತು 61 ಎಂಬ ವರ್ಷ ಕಾಣುತ್ತವೆ. ದಿನ ಇದ್ದದ್ದು ಎಡ ಅರ್ಧದಲ್ಲಿ. ಹಿಂಬದಿಯಲ್ಲಿ ಕಾರವಾರದ ಬಟವಾಡೆ ಮೊಹರಾದರೂ ಇದೆಯೇ ಎಂದು ತಿರುಗಿಸಿದರೆ, ಅದನ್ನೂ ಅದೇ ಕತ್ತರಿ ಸೀಳಿಕೊಂಡು ಹೋಗಿದೆ. ‘ವಾರ’ ಎಂಬ ಭಾಗವಷ್ಟೇ ಅಂಚಿನಲ್ಲಿ ಉಳಿದಿದೆ.

ಕತ್ತರಿಸಿದ ಕಾಗದದ ತುಂಡುಗಳನ್ನಾದರೂ ಕಳುಹಿಸಿಕೊಡಿ, ಅಂಚೆ ವೆಚ್ಚ ನಾನೇ ಭರಿಸುತ್ತೇನೆ ಎಂದು ಮಾರಾಟಗಾರರಿಗೆ ಬರೆದೆ. ‘ನೆನೆದ ಕಾಗದವನ್ನು ಯಾರು ಇಟ್ಟುಕೊಳ್ಳುತ್ತಾರೆ ಸರ್, ಅಂದೇ ಎಸೆದಾಯಿತು, ಬೆಲೆಯಿರುವುದು ಸ್ಟಾಂಪಿಗೆ ತಾನೇ’ ಎಂಬ ಉತ್ತರ ಬಂತು. ಅರವತ್ತು ವರ್ಷಕ್ಕೂ ಮೇಲೆ ಗೆದ್ದಲಿಗೂ ಈ ಕರಾವಳಿಯ ಮಳೆಗಾಲದ ಬೂಷ್ಟಿಗೂ ಸಿಕ್ಕದೆ ಉಳಿದುಬಂದ ಕಾಗದವನ್ನು ಒಂದು ಬೋಗುಣಿ ನೀರಿನಲ್ಲಿ ಮುಗಿಸಿದವರಿಗೆ, ತಾವು ಏನು ಮಾಡಿದೆವೆಂಬ ಅರಿವೂ ಇಲ್ಲ. ಫೋಟೋದ ಗತಿಯೂ ಇಷ್ಟೇ. ಹಡಗಿನ ಅಟ್ಟದ ಮೇಲೆ ಸಾಲಾಗಿ ನಿಂತ ನಾವಿಕರ ಆ ಚಿತ್ರದ ಹಿಂದೆ ಯಾರೋ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ ಹೆಸರುಗಳ ಮೇಲೆಯೇ ಬಾಲ್‌ಪೆನ್ನಿನಿಂದ ಕ್ರಮಸಂಖ್ಯೆಯನ್ನು ಒತ್ತಿ ಬರೆದಿದ್ದಾರೆ. ಅದರ ಗೀರು ಮುಂಬದಿಯಲ್ಲಿ ಮೂವರ ಮುಖದ ಮೇಲೆ ಉಬ್ಬಿ ನಿಂತಿದೆ.

ನಾನೂ ಮಾರುತ್ತೇನೆ, ಆದ್ದರಿಂದಲೇ ಈ ಮಾತನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ಹಿಂದೆ ಮುಂದೆ ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ ತೋರಿಸಿ, ಹರಿದದ್ದನ್ನು ಹರಿದಿದೆ ಎಂದೇ ಬರೆದು, ಪಾಲಿಯೆಸ್ಟರ್ ಹೊದಿಕೆಯಲ್ಲಿಟ್ಟು, ಎರಡು ಗಟ್ಟಿ ರಟ್ಟಿನ ನಡುವೆ ಕಟ್ಟಿ ಕಳುಹಿಸಲು ಅರ್ಧ ಗಂಟೆ ಸಾಕು. ಅಷ್ಟು ವ್ಯವಧಾನ ಇಲ್ಲದವರು ಸುಮ್ಮನಿದ್ದು, ಲಕೋಟೆಯನ್ನು ಇದ್ದ ಹಾಗೆಯೇ ಕವರಿಗೆ ಹಾಕಿ ಕಳುಹಿಸಿದ್ದರೂ ನನಗೆ ನಷ್ಟವಿರಲಿಲ್ಲ.

ತಾಣದವರಿಗೆ ಮೊದಲಿನ ಚಿತ್ರವನ್ನೂ ಬಂದ ವಸ್ತುವಿನ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ದೂರು ಕೊಟ್ಟೆ. ಲಕೋಟೆ ಆರು, ಅಂಚೆಚೀಟಿ ಆರು, ಫೋಟೋ ಒಂದು, ಎಣಿಕೆ ಸರಿಯಿದೆ ಎಂದು ಹೇಳಿ ಎರಡೇ ದಿನಗಳಲ್ಲಿ ದೂರನ್ನು ಮುಚ್ಚಿಬಿಟ್ಟರು. ಅದೇ ಮಾರಾಟಗಾರರು ನಿನ್ನೆ ಇನ್ನೂ ಒಂಬತ್ತು ನೌಕಾ ಲಕೋಟೆಗಳನ್ನು ಮಾರಾಟಕ್ಕಿಟ್ಟಿದ್ದಾರೆ, ಚಿತ್ರದಲ್ಲಿ ಎಲ್ಲವೂ ಇಡಿಯಾಗಿವೆ. ಅವರ ಮೇಲೆ ಎಷ್ಟೇ ಕೋಪವಿದ್ದರೂ, ಕತ್ತರಿಸಬೇಡಿ, ಒಂಬತ್ತನ್ನೂ ನಾನೇ ಕೊಳ್ಳುತ್ತೇನೆ, ಬೇಕಾದರೆ ಹೆಚ್ಚಿಗೆ ಹಣ ಕೊಡುತ್ತೇನೆ ಎಂದು ರಾತ್ರಿಯೇ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.