ಖಂಡನೆಗೂ ಒಂದು ಮರ್ಯಾದೆ

ಶಿರಸಿ ತಾಲೂಕಿನ ಸೋಂದಾ ಸೀಮೆಯಲ್ಲಿ ವಾದಿರಾಜರ ವೃಂದಾವನವಿರುವ ದ್ವೈತ ಮಠವಿದೆ, ಸ್ವರ್ಣವಲ್ಲಿಯ ಅದ್ವೈತ ಮಠವಿದೆ, ಸ್ವಾದಿಯ ಜೈನ ಮಠವೂ ಇದೆ. ಜಗತ್ತು ಸತ್ಯ, ಜಗತ್ತು ಮಿಥ್ಯೆ, ಒಂದು ನೋಟಕ್ಕೆ ಹಾಗೆ ಇನ್ನೊಂದು ನೋಟಕ್ಕೆ ಹೀಗೆ – ಮೂರಕ್ಕೂ ಒಂದೇ ಬಸ್ಸು ಸಾಕು. ಇಷ್ಟು ಹತ್ತಿರದ ನೆರೆಯವರು ಒಬ್ಬರಿಗೊಬ್ಬರು ಎಷ್ಟು ಬೆಲೆ ಕಟ್ಟುತ್ತಾರೆ?

ಬೈಗುಳ ಎಣಿಸಿದರೆ ತಿಳಿಯದು. ಶಾಸ್ತ್ರಗ್ರಂಥಗಳಲ್ಲಿ ಅದು ಬರೀ ಒಗ್ಗರಣೆ. ನೋಡಬೇಕಾದ್ದು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು ಎಷ್ಟು ಗಟ್ಟಿಯಾಗಿ ಕಟ್ಟಿದ್ದಾರೆ ಎಂಬುದನ್ನು. ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಬೌದ್ಧರೊಡನೆ ವಾದಿಸಿ, ಕಡೆಗೆ ಮರಳಲ್ಲಿ ತೋಡಿದ ಬಾವಿ ಎಂದು ಕೈತೊಳೆದುಕೊಳ್ಳುತ್ತಾರೆ. ಜಡ ಪ್ರಕೃತಿಯೇ ಜಗತ್ತಿನ ಮೂಲ ಎನ್ನುವ ಸಾಂಖ್ಯರನ್ನಾದರೋ ಅಖಾಡದ ಮುಖ್ಯ ಮಲ್ಲ ಎಂದು ಬಗೆದು ಮತ್ತೆ ಮತ್ತೆ ಕುಸ್ತಿಗೆ ಕರೆಯುತ್ತಾರೆ. ಕಾರಣವನ್ನೂ ಮುಚ್ಚಿಡುವುದಿಲ್ಲ: ಸಾಂಖ್ಯ ವೇದಾಂತಕ್ಕೆ ತೀರ ಹತ್ತಿರ.

ವಾದಿರಾಜರ ಗುರುಗಳೆಂದು ಸಂಪ್ರದಾಯ ಹೇಳುವ ದ್ವೈತಿ ವ್ಯಾಸತೀರ್ಥರು ನ್ಯಾಯಾಮೃತ ಎಂಬ ಗ್ರಂಥದಲ್ಲಿ ಅದ್ವೈತಿಗಳ ಗ್ರಂಥಗಳಿಂದಲೇ ಮಿಥ್ಯಾತ್ವದ, ಅಂದರೆ ಜಗತ್ತು ಮಿಥ್ಯೆ ಎಂಬುದರ 5 ಲಕ್ಷಣಗಳನ್ನು ಹೆಕ್ಕಿ ಒರೆಗೆ ಹಚ್ಚಿದರು. ಮೊದಲನೆಯದು: ಜಗತ್ತು ಸತ್ತೂ (ನಿಜವಾಗಿ ಇರುವುದೂ) ಅಲ್ಲ, ಅಸತ್ತೂ (ಇಲ್ಲವೇ ಇಲ್ಲದ್ದೂ) ಅಲ್ಲ. ಇದಕ್ಕೆ ವ್ಯಾಸತೀರ್ಥರ ಪ್ರಶ್ನೆ: ಸತ್ತ್ವ-ಅಸತ್ತ್ವ ಕೂಡಿಕೊಂಡ ವಸ್ತು ಜಗತ್ತಲ್ಲ ಎನ್ನುವಿರಾ? ಅದು ನಮಗೂ ಒಪ್ಪಿಗೆ. ಒಪ್ಪಿದ್ದನ್ನೇ ಸಾಧಿಸುವುದು ಸಿದ್ಧಸಾಧನ ದೋಷ. ಎರಡೂ ಬೇರೆಬೇರೆಯಾಗಿ ಇಲ್ಲ ಎನ್ನುವಿರಾ? ಒಂದಿಲ್ಲದಿದ್ದರೆ ಇನ್ನೊಂದು ಇರಲೇಬೇಕು, ಹಾಗಾಗಿ ವ್ಯಾಘಾತ, ಅಂದರೆ ತನ್ನ ಮಾತಿಗೆ ತಾನೇ ವಿರುದ್ಧ. ಅದ್ವೈತಿ ಮಧುಸೂದನ ಸರಸ್ವತಿಗಳು ಇದಕ್ಕೆ ಉತ್ತರವಾದ ಅದ್ವೈತಸಿದ್ಧಿಯಲ್ಲಿ ಈ ಎರಡನೆಯ ದಾರಿಯಲ್ಲೇ ಕಾಲೂರಿ ನಿಂತರು. ಯಾವ ಕಾಲಕ್ಕೂ ಬಾಧೆಗೊಳ್ಳದ್ದು, ಅಂದರೆ ಹುಸಿಯೆಂದು ತಿಳಿದುಬರದ್ದು ಸತ್ತು. ಎಲ್ಲಿಯೂ ‘ಇದೆ’ ಎಂದು ತೋರಲಾರದ್ದು ಅಸತ್ತು, ಮೊಲದ ಕೊಂಬಿನ ಹಾಗೆ. ಕಪ್ಪೆಚಿಪ್ಪಿನಲ್ಲಿ ಕಂಡ ಬೆಳ್ಳಿ ಇವೆರಡೂ ಅಲ್ಲ: ತೋರಿತು, ಆಮೇಲೆ ಹುಸಿಯಾಯಿತು. ಎದುರಾಳಿಯ ಪುಸ್ತಕಕ್ಕೆ ಹೀಗೆ ಪ್ರಕರಣ ಪ್ರಕರಣವಾಗಿ ಉತ್ತರ ಬರೆಯುವುದಕ್ಕಿಂತ ದೊಡ್ಡ ಸನ್ಮಾನ ಯಾವುದಿದೆ? ಅದ್ವೈತಸಿದ್ಧಿಗೆ ಉತ್ತರವಾಗಿ ದ್ವೈತಿ ರಾಮಾಚಾರ್ಯರು ತರಂಗಿಣಿ ಬರೆದರು, ತರಂಗಿಣಿಗೆ ಅದ್ವೈತಿ ಬ್ರಹ್ಮಾನಂದರು ಮಾರುತ್ತರ ಕೊಟ್ಟರು. ಯಾರೂ ಸೋಲೊಪ್ಪಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಜೈನ ತಾರ್ಕಿಕರ ರೀತಿಯೇ ಬೇರೆ. ಒಂದೊಂದು ನೋಟವನ್ನು ಅವರು ನಯ ಎನ್ನುತ್ತಾರೆ. ಅದ್ವೈತಿಗಳನ್ನು ಎಲ್ಲವನ್ನೂ ಒಂದಾಗಿ ಕಾಣುವ ಸಂಗ್ರಹನಯದ ಖಾನೆಗೆ, ಬೌದ್ಧರನ್ನು ಈ ಕ್ಷಣವನ್ನಷ್ಟೇ ಕಾಣುವ ಋಜುಸೂತ್ರನಯದ ಖಾನೆಗೆ ಸೇರಿಸಿ, ನೀವು ಹೇಳುವುದು ಸರಿ, ನೀವು ಹೇಳುವುದೇ ಸರಿ ಅನ್ನುವುದು ತಪ್ಪು ಎನ್ನುತ್ತಾರೆ. ಖಾನೆಯಲ್ಲಿ ಕೂತವರಿಗೆ ಖಂಡನೆಗಿಂತ ಈ ಸೌಜನ್ಯವೇ ಹೆಚ್ಚು ಉರಿಯುತ್ತದೆ.

ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವ, ಪರಲೋಕ ಒಪ್ಪದ ಚಾರ್ವಾಕರ ಪಾಡು ವಿಚಿತ್ರ. ದರ್ಶನಗಳನ್ನು ಒಂದೊಂದಾಗಿ ವಿವರಿಸುವ ಸರ್ವದರ್ಶನಸಂಗ್ರಹ ಎಂಬ ಗ್ರಂಥದ 16 ದರ್ಶನಗಳಲ್ಲಿ ಮೊದಲ ಪಾಳಿ ಅವರದು, ಮೊದಲು ಸೋಲುವ ಪಾಳಿಯೂ ಅವರದೇ. ಅವರ ಸ್ವಂತ ಗ್ರಂಥಗಳು ಬಹುಪಾಲು ಉಳಿದಿಲ್ಲ. ಸಾಲ ಮಾಡಿಯಾದರೂ ತುಪ್ಪ ಕುಡಿ ಎಂಬ ಅವರ ಮಾತನ್ನು ಇಲ್ಲಿಯವರೆಗೆ ಹೊತ್ತು ತಂದವರು ಅವರನ್ನು ಖಂಡಿಸಲು ಕೂತ ಪಂಡಿತರೇ.